ಮಗುವಿನ ವಿಡಿಯೋ ನಾವೂ ತೆಗೆಯುತ್ತೇವೆ, ಅದೇಕೆ ಕಲೆಯಲ್ಲ?

ಪ್ರಶ್ನೆ: ತಾಯಿ-ಮಕ್ಕಳ ನಂಟಿನ ಬಗ್ಗೆ ಕಲಾವಿದರು ವಿಡಿಯೋ ಮಾಡಿ ಗ್ಯಾಲರಿಯಲ್ಲಿ ತೋರಿಸುತ್ತಾರೆ. ನಮ್ಮ ಮೊಬೈಲಿನಲ್ಲೂ ಅಂಥವು ನೂರಾರಿವೆ. ವ್ಯತ್ಯಾಸವೇನು?

ಉತ್ತರ: ಮೊಬೈಲಿನಲ್ಲಿ ಏನೇನಿದೆ ಎಂದು ಒಮ್ಮೆ ನೋಡಿ. ಮೊದಲ ಹೆಜ್ಜೆ, ಹುಟ್ಟುಹಬ್ಬ, ಶಾಲೆಯ ಡ್ಯಾನ್ಸು. ಅಮ್ಮ ಸಿಡುಕಿದ್ದು, ಮಗಳು ಮಾತು ಬಿಟ್ಟಿದ್ದು ಇರುವುದಿಲ್ಲ. ಜೋಪಾನ ಮಾಡಬೇಕೆನಿಸಿದ್ದನ್ನಷ್ಟೇ ನಾವು ತೆಗೆಯುತ್ತೇವೆ. ಅದು ತಪ್ಪಲ್ಲ. ಆದರೆ ನಂಟಿನ ಅರ್ಧ ಭಾಗ ಹಾಗೇ ಹೊರಗುಳಿಯುತ್ತದೆ.

ಐಸ್‌ಲ್ಯಾಂಡಿನ ರಾಗ್ನರ್ ಕ್ಯಾರ್ಟನ್ಸನ್ 2000ರಲ್ಲಿ, ಇನ್ನೂ ಕಲಾ ವಿದ್ಯಾರ್ಥಿಯಾಗಿದ್ದಾಗ, ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕ್ಯಾಮೆರಾ ಎದುರು ನಿಂತರು. ಅಮ್ಮ ಮಗನ ಮುಖಕ್ಕೆ ಮತ್ತೆ ಮತ್ತೆ ಉಗುಳುತ್ತಾರೆ. ಐದೈದು ವರ್ಷಕ್ಕೊಮ್ಮೆ ಇಬ್ಬರೂ ಅದನ್ನೇ ಮಾಡಿದ್ದಾರೆ. ಕೇಳಿದರೆ ಅಸಹ್ಯವೆನಿಸಬಹುದು. ಆದರೆ ಆ ತಾಯಿ ಹೆಸರಾಂತ ನಟಿ, ಮಗ ಕೇಳಿದ್ದಕ್ಕೇ ಒಪ್ಪಿದವರು. ಎಲ್ಲ ವಿಡಿಯೋಗಳನ್ನೂ ಒಟ್ಟಿಗೆ ನೋಡಿದಾಗ ಕಣ್ಣು ಉಗುಳನ್ನು ಬಿಟ್ಟು ಮುಖಗಳ ಮೇಲೆ ನಿಲ್ಲುತ್ತದೆ: ಮಗನಿಗೆ ವಯಸ್ಸಾಗುತ್ತಿದೆ, ಅಮ್ಮನಿಗೆ ಇನ್ನೂ ಹೆಚ್ಚು. ನಮ್ಮಲ್ಲೂ ದೃಷ್ಟಿ ತೆಗೆಯುವಾಗ ‘ಥೂ ಥೂ’ ಎನ್ನುವುದುಂಟಲ್ಲ. ಅವರ ಮನಸ್ಸಿನಲ್ಲಿ ಅದು ಇರಲಿಕ್ಕಿಲ್ಲ, ನನಗಂತೂ ನೆನಪಾಗದೆ ಇರಲಿಲ್ಲ.

ಕ್ಯಾಮೆರಾವೇ ಬೇಕೆಂದೂ ಇಲ್ಲ. 1968ರಲ್ಲಿ ಕಲಾವಿದೆ ಲೆಯಾ ಲುಬ್ಲಿನ್ ಪ್ಯಾರಿಸ್ಸಿನ ಮ್ಯೂಸಿಯಂ ಒಂದಕ್ಕೆ ತಮ್ಮ ಹಸುಗೂಸನ್ನು ತೊಟ್ಟಿಲ ಸಮೇತ ತಂದು, ಮನೆಯಲ್ಲಿ ಮಾಡುವ ಆರೈಕೆಯನ್ನೇ ಜನರೆದುರು ಮಾಡಿದರು.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಉತ್ತರ ಕಲಾವಿದೆ ಮೋನಾ ಹಾಟೂಮ್ ಅವರ ‘ಮೆಷರ್ಸ್ ಆಫ್ ಡಿಸ್ಟೆನ್ಸ್’ ಎಂಬ ವಿಡಿಯೋ. ಅದು ಹುಟ್ಟಿದ್ದೇ ಮನೆಯ ಫೋಟೋ, ಮನೆಯ ಟೇಪಿನಿಂದ. ಮೋನಾ ಬೈರೂತಿನಲ್ಲಿ ನೆಲೆಸಿದ್ದ ಪ್ಯಾಲೆಸ್ಟೀನಿ ಕುಟುಂಬದವರು. 1975ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಲೆಬನಾನಿನಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲೇ ಉಳಿಯಬೇಕಾಯಿತು. 1981ರಲ್ಲಿ ಮನೆಗೆ ಹೋದಾಗ ಅಮ್ಮ ಸ್ನಾನ ಮಾಡುವ ಫೋಟೋಗಳನ್ನು ಅವರ ಒಪ್ಪಿಗೆಯಿಂದಲೇ ತೆಗೆದರು, ಇಬ್ಬರ ಮಾತುಕತೆಯನ್ನೂ ಟೇಪ್ ಮಾಡಿಕೊಂಡರು. ಅವು ವಿಡಿಯೋ ಆಗಿದ್ದು 1988ರಲ್ಲಿ.

ಆ ಏಳು ವರ್ಷಗಳ ನಂತರ ಮೋನಾ ಮಾಡಿದ್ದಿಷ್ಟು. ಅಮ್ಮ ಬರೆದ ಅರಬ್ಬಿ ಕಾಗದಗಳ ಸಾಲುಗಳನ್ನು ಫೋಟೋಗಳ ಮೇಲೆ ಹಾಸಿದರು. ಅಮ್ಮನದೇ ಅಕ್ಷರ ಅಮ್ಮನಿಗೆ ಪರದೆಯಾಯಿತು, ಕೆಲವು ಕಡೆ ಮುಳ್ಳುತಂತಿಯಂತೆಯೂ ಕಾಣುತ್ತದೆ. ಕಾಗದಗಳನ್ನು ಮಗಳು ಇಂಗ್ಲಿಷಿನಲ್ಲಿ, ಭಾರವಾದ ದನಿಯಲ್ಲಿ ಓದುತ್ತಾರೆ. ಕೆಳಗಿನಿಂದ ಆ ಹಳೆಯ ಟೇಪು ಕೇಳಿಸುತ್ತಿರುತ್ತದೆ: ಇಬ್ಬರು ಹೆಂಗಸರು ಅರಬ್ಬಿಯಲ್ಲಿ ಹರಟುತ್ತಾ ನಗುವ ಸದ್ದು. ಫೋಟೋಗಳ ವಿಷಯದಲ್ಲಿ ಅಪ್ಪ ಮುನಿಸಿಕೊಂಡದ್ದು, ಮಗಳು ಮುಚ್ಚುಮರೆಯಿಲ್ಲದೆ ಕೇಳಿದ ಪ್ರಶ್ನೆಗಳು, ಎಲ್ಲವೂ ಆ ಕಾಗದಗಳಲ್ಲಿವೆ. ಅಮ್ಮನ ಮಾತನ್ನು ಪರಭಾಷೆಯಲ್ಲಿ ಹೇಳಬೇಕಾಗಿ ಬಂದಾಗ ಏನು ಕೈಬಿಟ್ಟುಹೋಗುತ್ತದೆ ಎಂಬುದು ದೂರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ನಾನು ವಿವರಿಸಬೇಕಿಲ್ಲ.

ಫೋಟೋ, ಟೇಪು, ಕಾಗದ ಮೂರೂ ಎಷ್ಟೋ ಮನೆಗಳಲ್ಲಿರುವಂಥವೇ. ಒಂದರ ಮೇಲೊಂದು ಇಟ್ಟಾಗ, ಹತ್ತಿರವಿದ್ದಾಗಿನ ಸಲಿಗೆಯೂ ಈಗಿನ ದೂರವೂ ಒಂದೇ ಚೌಕಟ್ಟಿನಲ್ಲಿ ಕಂಡವು. ವ್ಯತ್ಯಾಸ ಇರುವುದು ಅಲ್ಲಿ. ಕೊನೆಯ ಕಾಗದದಲ್ಲಿ, ತಮ್ಮ ಕಡೆಯ ಅಂಚೆ ಕಚೇರಿ ಕಾರ್ ಬಾಂಬಿಗೆ ನಾಶವಾಯಿತೆಂದು ಅಮ್ಮ ತಿಳಿಸುತ್ತಾರೆ.