ಹಿಂದಿನ ಹಳ್ಳಿಗೆ ದುಡ್ಡೇ ಬೇಕಿರಲಿಲ್ಲವೇ?

ಪ್ರಶ್ನೆ: ನಮ್ಮ ಮುತ್ತಜ್ಜನ ಕಾಲದಲ್ಲಿ, ಅಂದರೆ 1900ರ ಆಸುಪಾಸಿನಲ್ಲಿ, ಹಳೆಯ ಮೈಸೂರಿನ ಹಳ್ಳಿಗಳಲ್ಲಿ ದುಡ್ಡಿನ ಬಳಕೆ ಇರಲಿಲ್ಲವಂತೆ. ರಾಗಿ ಕೊಟ್ಟು ಬೇಕಾದ್ದನ್ನೆಲ್ಲ ಪಡೆಯುತ್ತಿದ್ದರಂತೆ, ಹೊರಗಿನಿಂದ ಏನೂ ತರಬೇಕಾಗಿರಲಿಲ್ಲವಂತೆ. ಇದು ನಿಜವೇ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರ ಬರೆಯುತ್ತಿದ್ದೇನೆ ಎಂಬ ಲೆಕ್ಕವನ್ನು ನಾನು ಬಿಟ್ಟು ಬಹಳ ದಿನವಾಯಿತು. ಕೇಳುವವರ ಊರು ಬೇರೆಯಾಗಿರುತ್ತದೆ, ಮುತ್ತಜ್ಜ ಬೇರೆಯಾಗಿರುತ್ತಾನೆ, ವಾಕ್ಯದ ಕೊನೆಯ 'ಅಂತೆ' ಮಾತ್ರ ಅದೇ ಆಗಿರುತ್ತದೆ. ನಿಜವಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಿದಾಗಲೆಲ್ಲ 'ನಮ್ಮಜ್ಜಿಯೇ ಹೇಳಿದ್ದಾರೆ' ಎಂಬ ಮರುಪತ್ರ ಬರುವುದರಿಂದ, ಈ ಸಲ ತುಮಕೂರು ಜಿಲ್ಲೆಯ ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆಯ ಬಯಲುಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಅಜ್ಜಿ ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದನ್ನು ಮೊದಲೇ ಒಪ್ಪಿಬಿಡೋಣ. ಊರಿನ ಕಮ್ಮಾರ ಕುಳ ತಟ್ಟಿಕೊಟ್ಟದ್ದಕ್ಕೆ, ಬಡಗಿ ನೇಗಿಲು ಕೆತ್ತಿದ್ದಕ್ಕೆ, ಅಗಸ ಬಟ್ಟೆ ಒಗೆದದ್ದಕ್ಕೆ, ಕ್ಷೌರಿಕ ತಲೆ ಬೋಳಿಸಿದ್ದಕ್ಕೆ ಅಂದಂದೇ ಕಾಸು ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ಮಾಡಿದಾಗ ಆಯಗಾರರು ಬಂದು ತಮ್ಮ ತಮ್ಮ ಪಾಲಿನ ಧಾನ್ಯವನ್ನು ಅಳೆಸಿಕೊಂಡು ಹೋಗುತ್ತಿದ್ದರು. ನೀರಗಂಟಿ, ತೋಟಿ, ತಳವಾರರಿಗೂ ಹೀಗೆಯೇ. ಕಳೆ ಕೀಳುವುದಕ್ಕೆ, ನಾಟಿಗೆ ಮುಯ್ಯಾಳು, ಅಂದರೆ ಆಳಿಗೆ ಆಳು ದುಡಿದು ತೀರಿಸುವ ಪದ್ಧತಿ ಇತ್ತು. ಮದುವೆಗೆ ಮುಯ್ಯಿ ಇತ್ತು. ಮನೆಯೊಳಗಿದ್ದ ಹೆಣ್ಣುಮಗಳ ಕಣ್ಣಿಗೆ ದಿನಬೆಳಗಾದರೆ ಬೀಳುತ್ತಿದ್ದದ್ದು ಈ ಕೊಡುಕೊಳೆಯೇ. ಕಂದಾಯ ಕಟ್ಟಲು ಹೋಗುತ್ತಿದ್ದವರು, ಸಾಹುಕಾರನ ಜಗಲಿಯಲ್ಲಿ ಕೂರುತ್ತಿದ್ದವರು ಸಾಮಾನ್ಯವಾಗಿ ಮನೆಯ ಗಂಡಸರು. ಆದ್ದರಿಂದ ಅಜ್ಜಿ ಕಂಡದ್ದನ್ನು ಹೇಳಿದರು. ಕಾಣದ್ದು ಇರಲೇ ಇಲ್ಲ ಎಂದು ತೀರ್ಮಾನಿಸಿದವರು ನಾವು.

ಈಗ ಕಂದಾಯದ ವಿಷಯಕ್ಕೆ ಬರೋಣ, ಏಕೆಂದರೆ ವಾದ ಮುಗಿಯುವುದಕ್ಕೆ ಅದೊಂದೇ ಸಾಕು. ಮೈಸೂರು ಸಂಸ್ಥಾನದಲ್ಲಿ 1863ರಿಂದ ಭೂಮಿಯ ಸರ್ವೆ ಮತ್ತು ಸೆಟ್ಲ್‌ಮೆಂಟ್ ನಡೆದು, ಒಂದೊಂದು ಸರ್ವೆ ನಂಬರಿಗೂ ಇಷ್ಟು ರೂಪಾಯಿ, ಇಷ್ಟು ಆಣೆ, ಇಷ್ಟು ಪೈ ಎಂದು ಗೊತ್ತುಮಾಡಲಾಯಿತು. ಬೆಳೆಯಲ್ಲಿ ಅರ್ಧ ಪಾಲು ಎತ್ತುವ ಬಟಾಯಿಯ ಕಾಲ ಅಷ್ಟರಲ್ಲಿ ಹಿಂದೆ ಸರಿದಿತ್ತು. ಊರಿನ ಲೆಕ್ಕ ಬರೆಯುವ ಶಾನುಭೋಗರು ಕಂತಿನ ಹೊತ್ತಿಗೆ ಲೆಕ್ಕ ತೆಗೆದು ಕುಳಿತಾಗ ಅವರ ಮುಂದೆ ರಾಗಿಯ ಚೀಲ ಇಳಿಸುವ ಹಾಗಿರಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದದ್ದು ಬೆಳ್ಳಿಯ ರೂಪಾಯಿ. ಎರಡೆಕರೆ ಹೊಲವಿದ್ದವನೂ ವರ್ಷಕ್ಕೆ ಒಮ್ಮೆಯಾದರೂ ಏನನ್ನಾದರೂ ಮಾರಿ ರೂಪಾಯಿ ಮಾಡಲೇಬೇಕಿತ್ತು. ಮಳೆ ಕೈಕೊಟ್ಟ ವರ್ಷ ಮಾರಲು ಏನೂ ಇಲ್ಲದಿದ್ದರೆ ಸಾಲ ಮಾಡಬೇಕಿತ್ತು. ದುಡ್ಡು ಬೇಡದ ಊರಿನಲ್ಲಿ ಸಾಹುಕಾರನಿಗೇನು ಕೆಲಸ ಎಂದು ನಾನು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ.

ಜೀತದ ವಿಷಯವೂ ಇದೇ. ಮಗಳ ಮದುವೆಗೆಂದೋ ತಂದೆಯ ತಿಥಿಗೆಂದೋ ತಂದ ಸಾಲಕ್ಕಾಗಿ ಮನೆಯ ಹುಡುಗನನ್ನು ಇನ್ನೊಬ್ಬರ ಮನೆಯಲ್ಲಿ ದುಡಿಯಲು ಬಿಡುತ್ತಿದ್ದರು. ಅವನಿಗೆ ಸಿಗುತ್ತಿದ್ದದ್ದು ಹಿಟ್ಟು, ಒಂದು ಕಂಬಳಿ, ವರ್ಷಕ್ಕೊಂದು ಜೊತೆ ಚಪ್ಪಲಿ, ಆದರೆ ತೀರದೆ ಉಳಿಯುತ್ತಿದ್ದ ಸಾಲ ರೂಪಾಯಿಯ ಲೆಕ್ಕದಲ್ಲೇ ಇರುತ್ತಿತ್ತು. ಧಾನ್ಯದ ಕೂಲಿಯನ್ನು ಈಗ ಬಹಳ ಪ್ರೀತಿಯಿಂದ ನೆನೆಯುವವರು ಅದನ್ನು ಅಳೆಯುತ್ತಿದ್ದ ಕೈ ಯಾರದು, ಮೊರ ಒಡ್ಡಿ ದೂರ ನಿಲ್ಲಬೇಕಾಗಿದ್ದವರು ಯಾರು ಎಂದೂ ನೆನೆಯುವುದು ಒಳ್ಳೆಯದು.

ಹೊರಗಿನಿಂದ ಏನೂ ಬೇಕಿರಲಿಲ್ಲ ಎಂಬ ಮಾತಂತೂ ಅಡುಗೆಮನೆಯ ಹೊಸ್ತಿಲನ್ನೇ ದಾಟುವುದಿಲ್ಲ. ಮೈಸೂರಿಗೆ ಕಡಲಿಲ್ಲ, ಉಪ್ಪು ಎಲ್ಲಿಂದ ಬಂತು? ಉಪ್ಪಾರರು ಸೌಳುಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದರು ಎಂದು ಬರೆಯಲು ಹೊರಟವರು ದಯವಿಟ್ಟು ತಾಳಬೇಕು: ಅದು ನಿಜ, ಆದರೆ ಇಪ್ಪತ್ತನೆಯ ಶತಮಾನದ ಹೊತ್ತಿಗೆ ಆ ಕಸುಬು ಕಡಲುಪ್ಪಿನ ಮುಂದೆ ಸೋತಿತ್ತು. ಕಬ್ಬಿಣದ ಕಥೆಯೂ ಅಷ್ಟೇ. ಚಿಕ್ಕನಾಯಕನಹಳ್ಳಿ, ಮಧುಗಿರಿಗಳ ಕಡೆ ಅದಿರು ಕರಗಿಸಿ ಕಬ್ಬಿಣ ತೆಗೆಯುವುದನ್ನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣ್ಣಾರೆ ಕಂಡು ಬರೆದಿದ್ದಾನೆ. ನೂರು ವರ್ಷದ ನಂತರ ಕಮ್ಮಾರನ ಕುಲುಮೆಗೆ ಬರುತ್ತಿದ್ದದ್ದು ವಿಲಾಯಿತಿ ಕಬ್ಬಿಣ. ಇನ್ನು 'ಸೀಮೆ' ಎಂಬ ಎರಡಕ್ಷರದ ಸಾಕ್ಷಿಯನ್ನು ಯಾರೂ ಗಮನಿಸುವುದೇ ಇಲ್ಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ: ಕಡಲಾಚೆಯಿಂದ ಬಂದದ್ದಕ್ಕೆಲ್ಲ ನಮ್ಮವರು ಈ ಚೀಟಿ ಅಂಟಿಸಿದರು. ಸೀಮೆಎಣ್ಣೆ ಬಂದ ತಗಡಿನ ಡಬ್ಬ ಎಣ್ಣೆ ಮುಗಿದ ಮೇಲೆ ನೀರು ಸೇದುವುದಕ್ಕೆ, ಧಾನ್ಯ ತುಂಬುವುದಕ್ಕೆ, ಕೊನೆಗೆ ಬಿಚ್ಚಿ ಬಡಿದು ಸೂರಿಗೆ ಹೊದಿಸುವುದಕ್ಕೂ ಬಳಕೆಯಾಯಿತು. ಹೊರಗಿನದೇನೂ ಬೇಡದಿದ್ದ ಊರಿನ ಸೂರಿನ ಮೇಲೆ ಆ ತಗಡು ಹೇಗೆ ಹತ್ತಿತು?

ಭಾಷೆಯ ಸಾಕ್ಷಿ ಇಲ್ಲಿಗೇ ನಿಲ್ಲುವುದಿಲ್ಲ. ನಾವು ಇಂದಿಗೂ ಆಡುವ 'ಹಣ' ಒಂದು ಚಿನ್ನದ ನಾಣ್ಯದ ಹೆಸರು; ಮೈಸೂರಿನ ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಹೊಡೆಸಿದ ಕಂಠೀರಾಯಿ ಹಣಗಳು ಹತ್ತು ಸೇರಿದರೆ ಒಂದು ವರಹದ ಲೆಕ್ಕ. 'ದುಡ್ಡು', 'ಕಾಸು' ತಾಮ್ರದ ನಾಣ್ಯಗಳ ಹೆಸರು. ದುಡ್ಡೇ ದೊಡ್ಡಪ್ಪ ಎಂಬ ಗಾದೆಯನ್ನು ದುಡ್ಡು ಕಾಣದವರು ಕಟ್ಟಿರಲಾರರು. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಎಂಬ ಗಾದೆಯ ನೇಕಾರ ತನ್ನ ಮನೆಯವರಿಗೆ ಉಡಿಸಲು ನೇಯುತ್ತಿರಲಿಲ್ಲ. ಅವನ ಮಗ್ಗ ನಡೆಯುತ್ತಿದ್ದದ್ದು ಸಂತೆಯ ವಾರವನ್ನು ನೋಡಿಕೊಂಡು.

ರಾಗಿ ಕೊಟ್ಟು ಉಪ್ಪು ತರುತ್ತಿದ್ದರಲ್ಲ ಎಂಬ ಕೊನೆಯ ಆಕ್ಷೇಪಣೆ ಇದೆ. ತರುತ್ತಿದ್ದರು. ಮನೆಬಾಗಿಲಿಗೆ ಬಂದ ವ್ಯಾಪಾರಿ ಮೊರದ ತುಂಬ ರಾಗಿ ಹಾಕಿಸಿಕೊಂಡು ಉಪ್ಪು ಅಳೆದು ಕೊಡುತ್ತಿದ್ದ, ಮನೆಯಾಕೆ ಕೊಸರು ಕೇಳುತ್ತಿದ್ದಳು, ಅವನು ಗೊಣಗುತ್ತ ಇನ್ನೊಂದು ಹಿಡಿ ಹಾಕುತ್ತಿದ್ದ. ಆದರೆ ಆ ರಾಗಿಯನ್ನು ಅವನು ತಿಂದು ಮುಗಿಸುತ್ತಿದ್ದನೇ? ಕತ್ತೆಯ ಮೇಲೋ ಗಾಡಿಯಲ್ಲೋ ಹೇರಿಕೊಂಡು ಹೋಗಿ ಪೇಟೆಯಲ್ಲಿ ರೂಪಾಯಿಗೆ ಮಾರುತ್ತಿದ್ದ. ಎಷ್ಟು ರಾಗಿಗೆ ಎಷ್ಟು ಉಪ್ಪು ಎಂಬುದನ್ನು ಅವನು ನಿರ್ಧರಿಸುತ್ತಿದ್ದದ್ದು ಆ ವಾರದ ಧಾರಣೆಯ ಮೇಲೆ. ಆಗಿನ ಧಾರಣೆ ಹೇಳುವ ಕ್ರಮವನ್ನೇ ನೋಡಿ: ಇಂದಿನಂತೆ ಕಿಲೋಗೆ ಇಷ್ಟು ರೂಪಾಯಿ ಎನ್ನುತ್ತಿರಲಿಲ್ಲ, ರೂಪಾಯಿಗೆ ಇಷ್ಟು ಸೇರು ಎನ್ನುತ್ತಿದ್ದರು. ಸರ್ಕಾರದ ಧಾರಣೆಪಟ್ಟಿಗಳೂ ಹಾಗೆಯೇ ಇದ್ದವು. ರೂಪಾಯಿ ಸ್ಥಿರವಾಗಿ ನಿಂತಿರುತ್ತಿತ್ತು, ಸೇರಿನ ಸಂಖ್ಯೆ ಏರಿಳಿಯುತ್ತಿತ್ತು. ಬೆಲೆ ಏರಿತು ಎಂದರೆ ಸೇರು ಇಳಿಯಿತು ಎಂದರ್ಥ. ರಾಗಿ ಅಳೆಯುವವನ ತಲೆಯಲ್ಲಿ ರೂಪಾಯಿ ಕುಳಿತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆಯನ್ನು ನಾನು ತರಲಾರೆ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಅಂಗಡಿಯ ಖಾತೆ ಪುಸ್ತಕವೇನಾದರೂ ಉಳಿದಿದ್ದರೆ ಧೂಳು ಕೊಡವಿ ತೆರೆದು ನೋಡಿ. ರೂಪಾಯಿಯ ಅಂಕಿಯ ಪಕ್ಕದಲ್ಲಿ ಕಾಲು, ಅರೆ, ಮುಕ್ಕಾಲಿಗೆ ನಿಂತ ಗೀಟುಗಳು, ಆಣೆಗಳಿಗೆ ಬೇರೆ ಗೀಟುಗಳು ಕಾಣುತ್ತವೆ. ಉದ್ರಿಯ ಬದಿಯಲ್ಲಿ ಉಪ್ಪು, ಬೆಲ್ಲ, ಹೊಗೆಸೊಪ್ಪು, ಸೀಮೆಎಣ್ಣೆ ಎಂದು ವರ್ಷವಿಡೀ ಸಾಲು ಸಾಲು ಬರವಣಿಗೆಯಿರುತ್ತದೆ. ಜಮೆಯ ಬದಿ ತಿಂಗಳುಗಟ್ಟಲೆ ಖಾಲಿಯಿದ್ದು, ಸುಗ್ಗಿಯ ನಂತರ ಒಂದೋ ಎರಡೋ ದೊಡ್ಡ ಮೊತ್ತ ಬಿದ್ದಿರುತ್ತದೆ. ರಾಗಿಯಲ್ಲೇ ತೀರಿಸಿದ್ದರೂ ಅದನ್ನು ರೂಪಾಯಿಗೆ ತಿರುಗಿಸಿಯೇ ಬರೆದಿರುತ್ತಾರೆ. ವರ್ಷದ ಹತ್ತು ತಿಂಗಳು ಕೈಯಲ್ಲಿ ನಾಣ್ಯವಿಲ್ಲದ ರೈತನ ಬದುಕು ಪೂರ್ತಿ ನಾಣ್ಯದ ಲೆಕ್ಕಕ್ಕೇ ಕಟ್ಟುಬಿದ್ದಿತ್ತು. ಸಾಲದ ಬವಣೆ ಎಷ್ಟಿತ್ತೆಂದರೆ ಸಹಕಾರ ಸಂಘಗಳ ಕಾನೂನನ್ನು ಮೈಸೂರು ಸರ್ಕಾರ 1905ರಲ್ಲಿ ತಂದಿತು. ಅದೇ ವರ್ಷ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದ್ದರು.

ಹಾಗಾದರೆ ಈ ಕಟ್ಟುಕಥೆ ಹುಟ್ಟಿದ್ದು ಎಲ್ಲಿ? ನಮ್ಮ ಮೈಸೂರಿನ ಬಗ್ಗೆ ಬರೆದವರಿಂದಲೇ ಎಂಬುದು ಸ್ವಾರಸ್ಯ. ಇಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಹನ್ನೆರಡು ಆಯಗಾರರ ಪಟ್ಟಿ ಕೊಟ್ಟು, ಒಂದೊಂದು ಹಳ್ಳಿಯೂ ಒಂದೊಂದು ಗಣರಾಜ್ಯವೆಂದ. 1830ರಲ್ಲಿ ಕಂಪನಿ ಸರ್ಕಾರದ ಅಧಿಕಾರಿ ಚಾರ್ಲ್ಸ್ ಮೆಟ್ಕಾಫ್, ಹಳ್ಳಿಗಳು ತಮಗೆ ಬೇಕಾದುದನ್ನು ಬಹುಮಟ್ಟಿಗೆ ತಮ್ಮೊಳಗೇ ಹೊಂದಿವೆ ಎಂದು ಟಿಪ್ಪಣಿ ಬರೆದ. 1853ರಲ್ಲಿ ಕಾರ್ಲ್ ಮಾರ್ಕ್ಸ್ ಲಂಡನ್ನಿನಲ್ಲಿ ಕುಳಿತು ಅದೇ ಚಿತ್ರವನ್ನು ಮುಂದುವರಿಸಿದ. ಮುಂದೆ ಗಾಂಧೀಜಿಯವರು ಹಳ್ಳಿ ಹೀಗಿರಬೇಕು ಎಂದು ಬಯಸಿದ್ದನ್ನು, ಹೀಗೆಯೇ ಇತ್ತು ಎಂದು ನಾವು ಓದಿಕೊಂಡೆವು. ವಿಲ್ಕ್ಸ್‌ನ ಪುಸ್ತಕಕ್ಕಿಂತ ಹತ್ತು ವರ್ಷ ಮೊದಲೇ ಬುಕಾನನ್ ಇದೇ ನೆಲದಲ್ಲಿ ಊರಿಂದೂರಿಗೆ ಸಾಗುತ್ತ ಗುಬ್ಬಿಯ ಸಂತೆಯನ್ನೂ ಅಲ್ಲಿಗೆ ದೂರದಿಂದ ಬರುವ ವರ್ತಕರನ್ನೂ ದಾಖಲಿಸಿದ್ದ. ಅದು ಯಾರಿಗೂ ನೆನಪಾಗಲಿಲ್ಲ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1960ರಲ್ಲಿ ಹಳ್ಳಿಯ ಸ್ವಯಂಪೂರ್ಣತೆ ಒಂದು ಮಿಥ್ಯೆ ಎಂದು ಲೇಖನವನ್ನೇ ಬರೆದರು. ಆದರೂ ನನಗೆ ಪತ್ರಗಳು ಬರುವುದು ನಿಂತಿಲ್ಲ.

ಹಳ್ಳಿ ನಿಜವಾಗಿಯೂ ತನ್ನ ಪಾಡಿಗೆ ತಾನಿದ್ದರೆ ಏನಾಗುತ್ತಿತ್ತು ಎಂಬುದನ್ನು ಧಾತು ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 78ರ ಬರ ತೋರಿಸಿತು. ನೆಲದೊಳಗಿನ ಕಣಜವಾದ ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ನಿಜ. ಆದರೆ ಮೇಲಿಂದ ಮೇಲೆ ಮಳೆ ತಪ್ಪಿದಾಗ ಹಗೇವು ಬರಿದಾಯಿತು. ಮದರಾಸಿನಿಂದ ಬೆಂಗಳೂರಿಗೆ ರೈಲಿನಲ್ಲಿ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಬಂಡಿಯ ಎತ್ತುಗಳಿಗೇ ಮೇವಿರಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗಿತ್ತು. ಆ ಏಟಿನ ನಂತರ ರೈಲುಮಾರ್ಗಗಳ ಕೆಲಸ ಚುರುಕಾಯಿತು: 1884ರಲ್ಲಿ ತುಮಕೂರಿಗೆ, 1889ರಲ್ಲಿ ಹರಿಹರಕ್ಕೆ. ನಡುವೆ ಸಿಕ್ಕ ತಿಪಟೂರಿಗೆ ಅದೃಷ್ಟ ಕುದುರಿತು. ತೆಂಗಿನಕಾಯಿಯನ್ನು ಸಿಪ್ಪೆಯೊಡನೆಯೇ ಅಟ್ಟದ ಮೇಲೆ ಹರಡಿ, ಕೆಳಗೆ ಒಲೆಯ ಹೊಗೆಯಾಡುತ್ತ, ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗಿಟುಕು, ಅಂದರೆ ಒಣಗಿದ ತಿರುಳು, ಚಿಪ್ಪಿನೊಳಗೆ ಗಡಗಡ ಎಂದಾಗ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಲೆಕ್ಕ. ಒಂದು ಸಂಸಾರ ಅಟ್ಟದ ತುಂಬ ಕೊಬ್ಬರಿ ಕೂಡಿಡುವುದು ತಾನು ತಿನ್ನಲಿಕ್ಕಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ 1884ರಲ್ಲೇ. ಪೇಟೆಯಲ್ಲಿ ವರ್ತಕರೂ ಜನರ ಕೈಯಲ್ಲಿ ನಾಲ್ಕು ಕಾಸೂ ಇಲ್ಲದೆ ನಾಟಕದ ಕಂಪನಿ ಬದುಕುವುದಿಲ್ಲ.

ಸಂತೆಯ ಮಾತು ಬಂದದ್ದರಿಂದ, ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಒಂದು ಊರಿನ ಸಂತೆ ಸೋಮವಾರವಾದರೆ ಪಕ್ಕದ ಊರಿನದು ಬೇರೊಂದು ದಿನ ಏಕೆ? ಸಂತೆಗೆ ಬರುವ ಬಳೆಗಾರ, ಕಂಬಳಿಯವರು, ಮಡಕೆಯವರು, ಮೆಣಸಿನಕಾಯಿಯವರು ಆ ಊರಿನವರಲ್ಲ. ಅವರು ಒಂದು ಸಂತೆಯ ಮಾಳದಲ್ಲಿ, ಅಂದರೆ ಬಯಲಿನಲ್ಲಿ, ಗಂಟು ಕಟ್ಟಿ ರಾತ್ರಿಯೆಲ್ಲ ನಡೆದು ಮರುದಿನ ಇನ್ನೊಂದು ಮಾಳದಲ್ಲಿ ಗಂಟು ಬಿಚ್ಚುತ್ತಿದ್ದರು. ಅಕ್ಕಪಕ್ಕದ ಊರುಗಳು ಒಂದೇ ದಿನ ಸಂತೆ ಇಟ್ಟರೆ ಎರಡಕ್ಕೂ ಅರ್ಧ ವ್ಯಾಪಾರ. ಆದ್ದರಿಂದ ಏಳು ದಿನಗಳನ್ನು ಸುತ್ತಣ ಊರುಗಳು ಹಂಚಿಕೊಂಡವು. ಈ ಹಂಚಿಕೆ ಎಷ್ಟು ಗಟ್ಟಿಯಾಯಿತೆಂದರೆ ಕೊಡಗಿನಲ್ಲಿ ವಾರದ ಹೆಸರೇ ಊರಿನ ಹೆಸರಾಗಿ ನಿಂತಿತು: ಒಂದು ಸೋಮವಾರಪೇಟೆ, ಅಲ್ಲಿಗೆ ಸಮೀಪದಲ್ಲೇ ಇನ್ನೊಂದು ಶನಿವಾರಸಂತೆ. ಸಂತೆಯ ದಿನ ಕೊಳ್ಳುವುದಷ್ಟೇ ನಡೆಯುತ್ತಿರಲಿಲ್ಲ. ಹೆಣ್ಣು ಗಂಡಿನ ವಿಚಾರಣೆ, ತವರಿಗೆ ಸುದ್ದಿ ಕಳಿಸುವುದು, ಸಾಲಗಾರನನ್ನು ಹಿಡಿದು ನಿಲ್ಲಿಸುವುದು, ಎಲ್ಲವೂ ಅಲ್ಲೇ. ಮೊಸರು, ಬೆಣ್ಣೆ, ಮೊಟ್ಟೆ, ನುಗ್ಗೆಕಾಯಿ ಮಾರಿದ ಹೆಂಗಸು ಆ ಕಾಸನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ಸಾಸಿವೆ ಡಬ್ಬಿಯಲ್ಲಿ ಹುದುಗಿಸುತ್ತಿದ್ದಳು. ಮನೆಯ ಯಜಮಾನನ ಲೆಕ್ಕಕ್ಕೆ ಅದು ಸೇರುತ್ತಿರಲಿಲ್ಲ.

ದನದ ಸಂತೆಯ ರೀತಿಯೇ ಬೇರೆ. ಅಲ್ಲಿ ದಳ್ಳಾಳಿಯೂ ಕೊಳ್ಳುವವನೂ ಹೆಗಲ ಮೇಲಿನ ಟವಲನ್ನು ಕೈಗಳ ಮೇಲೆ ಹೊದಿಸಿಕೊಂಡು, ಅದರಡಿಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ಬೆಲೆ ಕುದುರಿಸುತ್ತಾರೆ. ಹಿಡಿದದ್ದು ಹತ್ತೋ ನೂರೋ ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತ ಹತ್ತಾರು ಜನರಿಗೆ ಕಾಣುವುದು ಟವಲಿನ ಅಲುಗಾಟ ಮತ್ತು ತಲೆಯಾಡಿಸುವ ಎರಡು ಮುಖಗಳು. ಇದನ್ನು ನೋಡಬೇಕೆನ್ನುವವರು ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಿ, ಎತ್ತುಗಳ ಬಾಯಿ ಬಿಡಿಸಿ ಹಲ್ಲು ಎಣಿಸುವವರ ಪಕ್ಕದಲ್ಲಿ ಸುಮ್ಮನೆ ನಿಂತುಕೊಳ್ಳಬಹುದು.