ಚಿಕ್ಕಂದಿನಲ್ಲಿ ಗಳಗಳನೆ ಅಳುತ್ತಿದ್ದವರಿಗೆ ದೊಡ್ಡವರಾದ ಮೇಲೆ ಅಳು ಯಾಕೆ ಬರುವುದಿಲ್ಲ?

ಪ್ರಶ್ನೆ: ಚಿಕ್ಕವನಿದ್ದಾಗ ಮೊಣಕಾಲು ತರಚಿದರೂ ಅಳುತ್ತಿದ್ದೆ. ಈಗ ಎಂಥ ದುಃಖಕ್ಕೂ ಕಣ್ಣಲ್ಲಿ ಹನಿ ನೀರು ಬರುವುದಿಲ್ಲ. ಆದರೆ ಟಿವಿಯಲ್ಲಿ ಯಾರೋ ಅಪರಿಚಿತರು ವರ್ಷಗಳ ಮೇಲೆ ತಾಯಿಯನ್ನು ಕಂಡರೆ ಕಣ್ಣು ತುಂಬುತ್ತದೆ. ನನ್ನಲ್ಲೇನಾದರೂ ದೋಷವಿದೆಯೇ?

ಉತ್ತರ: ಈರುಳ್ಳಿ ಹೆಚ್ಚುವಾಗ ನೀರು ಬರುತ್ತದೆ ಅಂದರೆ ಕಣ್ಣೀರಿನ ಗ್ರಂಥಿ ಸರಿಯಾಗಿಯೇ ಇದೆ. ಬದಲಾಗಿರುವುದು ಯಾವುದಕ್ಕೆ ಅಳಬೇಕು, ಯಾರೆದುರು ಅಳಬಹುದು ಎಂಬ ಲೆಕ್ಕ.

ಹಸುಗೂಸಿನ ಅಳುವಿನಲ್ಲಿ ಮೊದಲ ಕೆಲವು ವಾರ ಕಣ್ಣೀರೇ ಇರುವುದಿಲ್ಲ, ಬರೀ ದನಿ. ಸುಮಾರು 6ನೇ ವಾರಕ್ಕೆ ಅದು ತಾರಕಕ್ಕೇರಿ, 3–4 ತಿಂಗಳಿಗೆ ತಗ್ಗುತ್ತದೆ. ಮಾತು ಬಂದಮೇಲೆ ಅಳುವಿನ ಎಷ್ಟೋ ಕೆಲಸ ಮಾತಿನಲ್ಲೇ ಆಗುತ್ತದೆ. ಶಾಲೆಗೆ ಹೋಗುವ ಮಗು ಆಟದಲ್ಲಿ ಬಿದ್ದಾಗ ಗಮನಿಸಿ: ಮೊದಲು ಸುತ್ತ ನೋಡುತ್ತದೆ. ಅಮ್ಮ ಕಂಡರೆ ತುಟಿ ಅದುರುತ್ತದೆ. ಗೆಳೆಯರಷ್ಟೇ ಇದ್ದರೆ ಮಣ್ಣು ಕೊಡವಿಕೊಂಡು ಎದ್ದುಬಿಡುತ್ತದೆ. ನೋವು ಎರಡೂ ಕಡೆ ಒಂದೇ.

ಪುಟ್ಟ ಮಕ್ಕಳಲ್ಲಿ ಹುಡುಗ, ಹುಡುಗಿ ಎಂಬ ವ್ಯತ್ಯಾಸ ಅಷ್ಟಾಗಿ ಕಾಣದು. 11–13ರ ಹೊತ್ತಿಗೆ ಅಂತರ ಎದ್ದು ಕಾಣತೊಡಗುತ್ತದೆ. ಗಂಡಸರಲ್ಲಿ ಹೆಚ್ಚಿರುವ ಟೆಸ್ಟೋಸ್ಟೆರಾನ್ ಹಾರ್ಮೋನು ಅಳುವನ್ನು ತಡೆಯುತ್ತಿರಬಹುದು ಎಂಬ ವಾದವಿದೆ. ಆದರೆ "ಗಂಡುಮಗನಾಗಿ ಅಳ್ತೀಯಾ?" ಎಂಬ ಮಾತಿನ ಪಾಲನ್ನು ಕಡೆಗಣಿಸುವಂತಿಲ್ಲ. ಆ ಮಾತು ಕೇಳಿದ ಹುಡುಗನ ದುಃಖ ಕಡಿಮೆಯಾಗುವುದಿಲ್ಲ, ಮುಚ್ಚಿಡುವುದನ್ನು ಮಾತ್ರ ಅವನು ಕಲಿಯುತ್ತಾನೆ.

ಮುಚ್ಚಿಡುವುದು ದೇಹಕ್ಕೆ ಕಷ್ಟದ ಕೆಲಸ. ಮನಸ್ಸು ಕಲಕಿದಾಗ ಹೆಚ್ಚು ಗಾಳಿ ಹೋಗಲೆಂದು ಗಂಟಲಿನ ಧ್ವನಿದ್ವಾರ ಅಗಲವಾಗುತ್ತದೆ. ನುಂಗುವಾಗ ಅದೇ ದ್ವಾರ ಮುಚ್ಚಬೇಕು. ಈ ಎಳೆದಾಟವೇ ಗಂಟಲು ಕಟ್ಟಿದಂತಾಗಲು ಮುಖ್ಯ ಕಾರಣ.

ವಯಸ್ಸಾದಂತೆ ಅಳುವಿನ ಕಾರಣಗಳೂ ಜಾಗ ಬದಲಿಸುತ್ತವೆ. ಮೈನೋವಿಗೆ ಅಳುವುದು ಕಡಿಮೆಯಾಗುತ್ತದೆ; ಅಗಲಿಕೆ, ಪುನರ್ಮಿಲನ, ಪರರ ತ್ಯಾಗ ಕಣ್ಣು ತೇವ ಮಾಡುತ್ತವೆ. ನಿಮಗೆ ಟಿವಿ ಮುಂದೆ ಆಗುತ್ತಿರುವುದು ಇದೇ. ಅಲ್ಲಿ ನೀವು ಯಾರಿಗೂ ಧೈರ್ಯ ತೋರಬೇಕಿಲ್ಲ.

ಅತ್ತರೆ ಹಗುರಾಗುತ್ತದೆಯೇ? ತಕ್ಷಣಕ್ಕಲ್ಲ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿನಿಮಾ ನೋಡಿ ಅತ್ತವರ ಮನಸ್ಸು ಮೊದಲು ಇನ್ನಷ್ಟು ಕುಗ್ಗಿತ್ತು. 20 ನಿಮಿಷಕ್ಕೆ ಮೊದಲಿನ ಮಟ್ಟಕ್ಕೆ ಬಂದು, 90 ನಿಮಿಷದ ಹೊತ್ತಿಗೆ ಸಿನಿಮಾಕ್ಕೆ ಮುಂಚಿಗಿಂತ ಚೆನ್ನಾಗಿತ್ತು. ಅತ್ತ ಕೂಡಲೇ "ಏನು ಪ್ರಯೋಜನವಾಯ್ತು" ಎಂದು ತೀರ್ಮಾನಿಸಬೇಡಿ. ಆದರೆ ಜೊತೆಗಿದ್ದವರು ನಾಚಿಕೆಪಡಿಸಿದರೆ ಹಗುರಾಗುವುದೂ ಕಷ್ಟ.

ಆದ್ದರಿಂದ ಅಳುವ ಮಗುವಿಗೆ "ಸುಮ್ಮನಿರು" ಎನ್ನುವ ಮೊದಲು ಪಕ್ಕದಲ್ಲಿ ಕೂತು, "ನೋವಾಯ್ತಾ, ಬೇಜಾರಾಯ್ತಾ?" ಎಂದು ಕೇಳಿ. ಬಿಕ್ಕಳಿಸುವಾಗ ಬುದ್ಧಿಮಾತು ತಲೆಗೆ ಹೋಗುವುದಿಲ್ಲ. ಉಸಿರು ಸಮಕ್ಕೆ ಬಂದಮೇಲೆ ಹೇಳಿ. ದೊಡ್ಡವರು ಸಭೆಯಲ್ಲೋ ಕಚೇರಿಯಲ್ಲೋ ತಡೆದುಕೊಳ್ಳಲೇಬೇಕಾದರೆ ಒಂದು ಗುಟುಕು ನೀರು ಕುಡಿದು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ. ಮನೆಗೆ ಬಂದಮೇಲೆ ನಂಬುವ ಒಬ್ಬರಿಗೆ ಆದದ್ದನ್ನು ಹೇಳಿಕೊಳ್ಳಿ. ಅಳು ಬಂದರೆ ಬರಲಿ, ಬರದಿದ್ದರೆ ಬಲವಂತ ಬೇಡ. ಅತ್ತಮೇಲೆ ಕಣ್ಣುಜ್ಜಿದರೆ ಊತ ಹೆಚ್ಚುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು 5–10 ನಿಮಿಷ ಇಟ್ಟುಕೊಳ್ಳಿ.

ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಕೆಟ್ಟಿದೆ, ಏನೂ ಅನ್ನಿಸುವುದೇ ಇಲ್ಲ ಎಂದಾದರೆ ವೈದ್ಯರನ್ನು ಕಾಣಿ. ಖಿನ್ನತೆಯಲ್ಲಿ ಅಳು ಹೆಚ್ಚಬಹುದು, ಪೂರ್ತಿ ನಿಂತೂಹೋಗಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಅಳು ಬರದಂತಾಗುತ್ತದೆ. ಹಾಗಾದಾಗ ಮಾತ್ರೆಯನ್ನು ನೀವೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.