ನಿಧಾನ ಬೇರೆ, ಹ್ಯಾಂಗ್ ಬೇರೆ

ಓದುಗರೊಬ್ಬರು ಬರೆದಿದ್ದಾರೆ: ‘ಜರ್ನಿ’ ಎಂಬ ವಿಡಿಯೊ ಗೇಮ್ ತುಂಬಾ ನಿಧಾನವಂತೆ, ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಮೂಡಿಸುವ ಭಾಗ) ಬದಲಿಸಿದರೆ ಸರಿಹೋಗುತ್ತದಂತೆ. ಈ ಮಳೆಗಾಲದಲ್ಲಿ ಹೀಗೆ ಬರೆದವರಲ್ಲಿ ಇವರು ಮೂರನೆಯವರು. ಕಾರ್ಡ್ ಬದಲಿಸಿದರೆ ಹೋಗುವುದು ನಿಧಾನವಲ್ಲ ಸ್ವಾಮಿ, ಲ್ಯಾಗ್, ಅಂದರೆ ಬಟನ್ ಒತ್ತಿದರೂ ಪರದೆ ತಡವರಿಸುವುದು. ಅದು ಯಂತ್ರದ ಕಾಯಿಲೆ.

ನಿಧಾನಕ್ಕೆ ಮೂಲದಲ್ಲಿ ವೇಗದ ಸಂಬಂಧವೇ ಇಲ್ಲ. ಸಂಸ್ಕೃತದ ‘ನಿ’ ಉಪಸರ್ಗ, ‘ಧಾ’ ಧಾತು: ಕೆಳಗಿಡು, ಇಟ್ಟು ಕಾಪಾಡು. ನಿಧಿಯೂ ಇದೇ ಬೇರಿನದು. ಹೂತಿಟ್ಟ ಸಂಪತ್ತೇ ನಿಧಾನ. ಸಾಕ್ಷಿಗೆ ದೂರ ಹೋಗಬೇಕಿಲ್ಲ. ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ‘ನೆಲದ ಮರೆಯ ನಿಧಾನದಂತೆ’ ಎಂದಳು. ಅಲ್ಲಿ ‘ಸ್ಲೋ’ ಎಂಬ ಅರ್ಥ ಹಚ್ಚಿ ನೋಡಿ. ನೆಲದಡಿ ಮೆಲ್ಲಗೆ ಹೋಗುವುದು ಯಾವುದು, ಎರೆಹುಳುವೇ? ಇಟ್ಟದ್ದು ಅಲ್ಲಾಡದೆ ಇರುತ್ತದಲ್ಲ, ಅಲ್ಲಿಂದ ಆತುರವಿಲ್ಲದಿರುವುದು, ಆಮೇಲೆ ಮೆಲ್ಲಗೆ ಎಂದು ಕನ್ನಡದಲ್ಲಿ ಅರ್ಥ ಬೆಳೆದಿರಬೇಕು ಎಂಬುದು ನನ್ನ ಊಹೆ. ಸಮಾಧಾನದಲ್ಲೂ ಅದೇ ‘ಧಾ’ ಕೂತಿದೆ. ಆದ್ದರಿಂದಲೇ ಒಬ್ಬರನ್ನು ನಿಧಾನಸ್ಥ ಎಂದರೆ ಹೊಗಳಿದ ಹಾಗೆ, ಮಂದ ಎಂದರೆ ಬೈದ ಹಾಗೆ. (ದೀರ್ಘ ನುಂಗಿ ‘ನಿಧನವಾಗಿ ಆಡಿ’ ಎಂದು ಬರೆಯುವವರಿಗೆ ದೂರದಿಂದಲೇ ನಮಸ್ಕಾರ.)

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಸ್ಸು ನಿಧಾನವಾಗಿ ಇಳಿಯುತ್ತದೆ. ಅದೇ ಬಸ್ಸು ಶಿವಮೊಗ್ಗ ಸ್ಟ್ಯಾಂಡ್ ಬಿಡುವಾಗಲೇ ಅರ್ಧ ಗಂಟೆ ಕಳೆದಿದ್ದರೆ ತಡ. ಮಂಡಗದ್ದೆ ಹತ್ತಿರ ಕೆಟ್ಟು ನಿಂತರೆ ಹ್ಯಾಂಗ್. ಮೂರರಲ್ಲಿ ಡ್ರೈವರ್ ಬೇಕೆಂದೇ ಮಾಡುವುದು ಮೊದಲನೆಯದನ್ನು ಮಾತ್ರ.

ಗೇಮ್‌ಗಳಲ್ಲೂ ಹೀಗೇ. 2012ರ ‘ಡಿಯರ್ ಎಸ್ತರ್’ನಲ್ಲಿ ಓಡುವ ಬಟನ್ನೇ ಇಲ್ಲ, ಜಿಗಿಯುವುದೂ ಇಲ್ಲ. ಪಾಳು ದ್ವೀಪವೊಂದರಲ್ಲಿ ನಡೆಯುತ್ತಾ ಹೋಗಬೇಕು; ಒಂದು ದನಿ ಪತ್ರದ ತುಣುಕುಗಳನ್ನು ಓದುತ್ತಿರುತ್ತದೆ. ಇಂಥವನ್ನು ಹೀಗಳೆಯಲೆಂದೇ ‘ವಾಕಿಂಗ್ ಸಿಮ್ಯುಲೇಟರ್’ ಎಂದರು, ಬೈಗುಳವೇ ಈಗ ಪ್ರಕಾರದ ಹೆಸರು. ಅದೇ ವರ್ಷ ಬಂದ ‘ಜರ್ನಿ’ಯಲ್ಲಿ ಮರಳುಗಾಡಿನ ನಡುವೆ ಗುರುತಿಲ್ಲದ ಇನ್ನೊಬ್ಬ ಆಟಗಾರ ಜೊತೆಯಾಗುತ್ತಾನೆ. ಮಾತಿಲ್ಲ, ಚಾಟ್ ಇಲ್ಲ, ಒಂದು ನಾದ ಹೊರಡಿಸಬಹುದು ಅಷ್ಟೇ. ಹೆಸರು ಕಾಣುವುದು ಎಲ್ಲ ಮುಗಿದ ಮೇಲೆ. ಗೇಮ್ ನಮ್ಮನ್ನು ಓಡಿಸಿಬಿಟ್ಟಿದ್ದರೆ ಆ ಜೊತೆಗಾರನನ್ನು ಯಾರು ತಿರುಗಿ ನೋಡುತ್ತಿದ್ದರು? 2020ರ ‘ದಿ ಲಾಂಗಿಂಗ್’ ಅಂತೂ 400 ದಿನ ಕಾಯಿಸುತ್ತದೆ, ಗೋಡೆ ಗಡಿಯಾರದ ದಿನಗಳೇ. ಗೇಮ್ ಮುಚ್ಚಿಟ್ಟರೂ ಎಣಿಕೆ ನಿಲ್ಲುವುದಿಲ್ಲ. ನನಗದು ಕೊಂಚ ಅತಿಯಾಯಿತು.

ಹಾಗೆಂದು ಬರೀ ಬಯಲಲ್ಲಿ ನಡೆಸಿದ್ದನ್ನೆಲ್ಲ ನಿಧಾನ ಎಂದು ಮೆಚ್ಚಬೇಕಿಲ್ಲ. ದಾರಿಯಲ್ಲಿ ಏನಾದರೂ ಇಟ್ಟಿರಬೇಕು. ಏನೂ ಇಡದೆ ನಡೆಸುವುದಕ್ಕೆ ನಮ್ಮಲ್ಲಿ ಸತಾಯಿಸುವುದು ಎನ್ನುತ್ತಾರೆ.

ತೀರ್ಥಹಳ್ಳಿಯಲ್ಲಿ ಅಕ್ಕನ ಮಗನಿಗೆ ‘ಫೈರ್‌ವಾಚ್’ ಹಾಕಿಕೊಟ್ಟೆ. ಅಮೆರಿಕದ ವಯೋಮಿಂಗ್ ಕಾಡಿನ ಗೋಪುರದಲ್ಲಿ ಕೂತು ಬೆಂಕಿ ಕಾಯುವ ಕೆಲಸ. ಹತ್ತು ನಿಮಿಷಕ್ಕೆ, “ಮಾವ, ಏನೂ ಆಗ್ತಾನೇ ಇಲ್ಲ, ಹ್ಯಾಂಗ್ ಆಗಿದ್ಯಾ?” ಎಂದ. ನಾನು ಉತ್ತರ ಕೊಡಲಿಲ್ಲ. ಒಂದು ಗಂಟೆ ಕಳೆದ ಮೇಲೆ ಮಳೆಗೆ ಕರೆಂಟ್ ಹೋಯಿತು. ಕತ್ತಲಲ್ಲೇ ಕೇಳಿದ: “ಮಾವ, ಅಲ್ಲೀವರೆಗೆ ಹೋಗಿದ್ದು ಸೇವ್ ಆಗಿರುತ್ತಲ್ಲ?”